ಎರಡು ನುಡಿಗಳ ನಗರ ಮಾಂಟ್ರಿಯಲ್

ಕತ್ತಲು ಕವಿಯುತ್ತಿದ್ದಂತೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಬೆಟ್ಟದ ನೆತ್ತಿಯ ಮೇಲೆ ಒಂದು ಶಿಲುಬೆ ಬೆಳಗತೊಡಗುತ್ತದೆ. ಸುಮಾರು 30 ಮೀಟರ್ ಎತ್ತರದ ಈ ಉಕ್ಕಿನ ಶಿಲುಬೆಯನ್ನು ನಿಲ್ಲಿಸಿದ್ದು 1924ರಲ್ಲಿ. ಅದರ ಹಿಂದಿನ ಕಥೆಗಾದರೋ ನಗರದಷ್ಟೇ ವಯಸ್ಸು. 1642ರ ಡಿಸೆಂಬರಿನಲ್ಲಿ ಸೇಂಟ್ ಲಾರೆನ್ಸ್ ನದಿಯು ಉಕ್ಕಿ, ದಡದಲ್ಲಿ ಆಗತಾನೆ ತಲೆಯೆತ್ತಿದ್ದ ಪುಟ್ಟ ಕೋಟೆಯ ಬಾಗಿಲಿಗೆ ಬಂದಿತ್ತು. ನೀರು ಇಳಿದರೆ ಶಿಲುಬೆಯನ್ನು ಹೊತ್ತು ಬೆಟ್ಟವೇರುವೆನೆಂದು ನಾಯಕನಾದ ಮೇಜೋನೆವ್ ಹರಕೆ ಹೊತ್ತನು. ಪ್ರವಾಹ ಇಳಿಯಿತು, ಮರುತಿಂಗಳೇ ಹರಕೆ ಸಂದಿತು.

ಆ ಕೋಟೆಯ ಹೆಸರು ವಿಲ್ ಮಾರಿ, ಎಂದರೆ ಮೇರಿಮಾತೆಯ ಊರು. ಫ್ರಾನ್ಸಿನಿಂದ ಬಂದ ಆ ಚಿಕ್ಕ ತಂಡದಲ್ಲಿ ಜಾನ್ ಮಾನ್ಸ್ ಎಂಬ ಮಹಿಳೆಯೂ ಇದ್ದಳು. ಕಾಡಿನ ನಡುವೆ ಆಸ್ಪತ್ರೆಯೊಂದನ್ನು ಕಟ್ಟಿ ನಡೆಸಿದ ಆಕೆಯನ್ನು ನಗರವು ಇಂದು ಮೇಜೋನೆವ್‌ನ ಜೊತೆಗೆ ಸಂಸ್ಥಾಪಕಿಯೆಂದೇ ಗೌರವಿಸುತ್ತದೆ.

ಆದರೆ ಆ ದ್ವೀಪವು ಜನರಿಲ್ಲದ ನೆಲವಾಗಿರಲಿಲ್ಲ. 1535ರಲ್ಲಿ ಜಾಕ್ ಕಾರ್ಟಿಯೇ ಎಂಬ ನಾವಿಕ ಇಲ್ಲಿಗೆ ಬಂದಾಗ, ಮೆಕ್ಕೆಜೋಳದ ಹೊಲಗಳ ನಡುವೆ ಹೊಚೆಲಾಗಾ ಎಂಬ ಮೂಲನಿವಾಸಿಗಳ ಊರನ್ನು ಕಂಡಿದ್ದನು. ಪಕ್ಕದ ಗುಡ್ಡಕ್ಕೆ ‘ರಾಜಗಿರಿ’ ಎಂಬರ್ಥದ ಫ್ರೆಂಚ್ ಹೆಸರಿಟ್ಟವನು ಅವನೇ. ಊರ ಹೆಸರು ಮಾಂಟ್ರಿಯಲ್ ಎಂದಾದುದು ಆ ಗುಡ್ಡದಿಂದ. 1701ರಲ್ಲಿ ಸುಮಾರು 39 ಬುಡಕಟ್ಟುಗಳ 1,300 ಪ್ರತಿನಿಧಿಗಳು ಇಲ್ಲಿ ಕಲೆತು, ಫ್ರೆಂಚರೊಡನೆ ಶಾಂತಿ ಒಪ್ಪಂದ ಮಾಡಿಕೊಂಡರು. ಬಹುಕಾಲದ ಕಾದಾಟ ಅಂದಿಗೆ ನಿಂತಿತು.

ಬೀದಿಯೇ ಗಡಿ

1760ರಲ್ಲಿ ನಗರವು ಬ್ರಿಟಿಷರಿಗೆ ಶರಣಾಯಿತು. ಧ್ವಜ ಬದಲಾಯಿತು, ಜನರ ಮನೆಮಾತು ಬದಲಾಗಲಿಲ್ಲ. ವ್ಯಾಪಾರ, ಬ್ಯಾಂಕು, ಹಡಗು, ರೈಲುಗಳು ಬಹುಮಟ್ಟಿಗೆ ಇಂಗ್ಲಿಷ್ ಮಾತನಾಡುವವರ ಕೈ ಸೇರಿದವು. ಕಾರ್ಖಾನೆಯ ದುಡಿಮೆ ಫ್ರೆಂಚರ ಪಾಲಿಗೆ ಉಳಿಯಿತು. ಪಶ್ಚಿಮದಲ್ಲಿ ಇಂಗ್ಲಿಷ್, ಪೂರ್ವದಲ್ಲಿ ಫ್ರೆಂಚ್. ನಡುವೆ ಗೆರೆ ಎಳೆದಂತೆ ಸೇಂಟ್ ಲಾರೆಂಟ್ ಬೀದಿ. ಹೊರಗಿನಿಂದ ಬಂದ ಯೆಹೂದಿಗಳು, ಇಟಾಲಿಯನರು, ಪೋರ್ಚುಗೀಸರು, ಚೀನೀಯರು ಆ ಬೀದಿಯ ಉದ್ದಕ್ಕೂ ಅಂಗಡಿ ತೆರೆದು ನೆಲೆಸಿದರು.

ಈ ಅಂತರ ಕೆಲವೊಮ್ಮೆ ಹೊತ್ತಿ ಉರಿದದ್ದೂ ಉಂಟು. ಮಾಂಟ್ರಿಯಲ್ ರಾಜಧಾನಿಯಾಗಿದ್ದ ಕಾಲದಲ್ಲಿ, 1849ರಲ್ಲಿ, ಹಿಂದಿನ ದಂಗೆಯಲ್ಲಿ ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಕೊಡುವ ಮಸೂದೆಗೆ ಗವರ್ನರ್ ಅಂಕಿತ ಹಾಕಿದನು. ಬಂಡಾಯಗಾರರಿಗೇ ಹಣ ಸಲ್ಲುವುದೆಂದು ಕೆರಳಿದ ಇಂಗ್ಲಿಷ್ ಗುಂಪು ಸಂಸತ್ ಭವನಕ್ಕೆ ಬೆಂಕಿಯಿಟ್ಟಿತು. 20,000ಕ್ಕೂ ಹೆಚ್ಚು ಗ್ರಂಥಗಳು ಬೂದಿಯಾದವು. ರಾಜಧಾನಿಯ ಪಟ್ಟವೂ ಕೈಬಿಟ್ಟಿತು.

1945ರಲ್ಲಿ ಈ ಬಾಳನ್ನು ಕುರಿತ ಎರಡು ಕಾದಂಬರಿಗಳು ಹೊರಬಂದವು. ಗೇಬ್ರಿಯೆಲ್ ರಾಯ್ ಎಂಬ ಲೇಖಕಿ ಸೇಂಟ್ ಹೆನ್ರಿ ಬಡಾವಣೆಯ ಬಡ ಕುಟುಂಬವೊಂದರ ಕಥೆಯನ್ನು ಫ್ರೆಂಚಿನಲ್ಲಿ ಬರೆದರು. ಹ್ಯೂ ಮ್ಯಾಕ್ಲೆನನ್ ಇಂಗ್ಲಿಷಿನಲ್ಲಿ ಬರೆದ ಕೃತಿಯ ಹೆಸರೇ ‘ಎರಡು ಒಂಟಿತನಗಳು’.

ಮನೆಮಾತಿಗೆ ಮನ್ನಣೆ

ಅರವತ್ತರ ದಶಕದಲ್ಲಿ ಗಾಳಿ ಬದಲಾಯಿತು. ತಮ್ಮದೇ ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚ್ ಮೂಲದವರ ಸರಾಸರಿ ವರಮಾನ ಬ್ರಿಟಿಷ್ ಮೂಲದವರಿಗಿಂತ ಬಹಳ ಕಡಿಮೆಯೆಂದು ಸರ್ಕಾರದ ಆಯೋಗವೇ ಲೆಕ್ಕ ಹಾಕಿ ತೋರಿಸಿತು. ಅನ್ನದ ಭಾಷೆ ಒಂದು, ಅಮ್ಮನ ಭಾಷೆ ಇನ್ನೊಂದು ಎಂಬ ನೋವು ರಾಜಕೀಯದ ರೂಪ ತಾಳಿತು. 1968ರಲ್ಲಿ ಮಿಶೆಲ್ ತ್ರಾಂಬ್ಲೆ ನಗರದ ಪೂರ್ವಭಾಗದ ಗೃಹಿಣಿಯರ ಆಡುಮಾತನ್ನೇ ರಂಗದ ಮೇಲೆ ತಂದಾಗ ಕೆಲವರು ಮೂಗು ಮುರಿದರು. ಹಲವರು ತಮ್ಮ ತಾಯಂದಿರ ದನಿ ಕೇಳಿ ಹಿಗ್ಗಿದರು. 1977ರ ಭಾಷಾ ಸನ್ನದು ಕಚೇರಿ, ಕಾರ್ಖಾನೆ, ಅಂಗಡಿಯ ಫಲಕಗಳಲ್ಲಿ ಫ್ರೆಂಚಿಗೆ ಅಗ್ರಸ್ಥಾನ ನೀಡಿತು. ವಲಸೆ ಬಂದವರ ಮಕ್ಕಳನ್ನು ಫ್ರೆಂಚ್ ಶಾಲೆಗಳತ್ತ ತಿರುಗಿಸಿತು. ಅನೇಕ ಇಂಗ್ಲಿಷ್ ಕುಟುಂಬಗಳೂ ಸಂಸ್ಥೆಗಳೂ ಟೊರಾಂಟೊ ಕಡೆಗೆ ಹೊರಟುಹೋದವು. ಕೆನಡಾದ ಅತಿ ದೊಡ್ಡ ನಗರವೆಂಬ ಹಿರಿಮೆಯೂ ಆ ದಶಕದಲ್ಲೇ ಟೊರಾಂಟೊ ಪಾಲಾಯಿತು. ಮನೆಮಾತು ಉಳಿಯಿತು, ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಹಿಮದ ಕೆಳಗಿನ ಊರು

ಇದೇ ಕಾಲದಲ್ಲಿ ನಗರವು ಜಗತ್ತಿಗೆ ಬಾಗಿಲು ತೆರೆದುದು ಸ್ವಾರಸ್ಯದ ಸಂಗತಿ. 1966ರಲ್ಲಿ ರಬ್ಬರ್ ಚಕ್ರಗಳ ಸುರಂಗ ರೈಲು ಓಡತೊಡಗಿತು. ಅಗೆದ ಮಣ್ಣುಕಲ್ಲು ವ್ಯರ್ಥವಾಗಲಿಲ್ಲ. ನದಿಯಲ್ಲಿ ಹೊಸ ದ್ವೀಪವೊಂದನ್ನು ನಿರ್ಮಿಸಲು ಒದಗಿತು. ಅಲ್ಲಿ 1967ರಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಐದು ಕೋಟಿ ಪ್ರವೇಶಗಳು ದಾಖಲಾದವು. ಆಗ ಇಡೀ ಕೆನಡಾದ ಜನಸಂಖ್ಯೆ ಎರಡು ಕೋಟಿ! 1976ರ ಒಲಿಂಪಿಕ್ ಕ್ರೀಡೆಗಳೂ ಇಲ್ಲೇ ನಡೆದವು. ಆ ಕ್ರೀಡಾಂಗಣದ ಸಾಲ ತೀರಲು 2006 ಬರಬೇಕಾಯಿತು.

ಇಲ್ಲಿನ ಚಳಿಗಾಲ ಕಠೋರ. ಹಿಮ ಸುರಿಯುವಾಗ ಜನರು ನಗರಮಧ್ಯದ ನೆಲದಡಿಯ ಹಾದಿಗಳಲ್ಲಿ ಸಂಚರಿಸುತ್ತಾರೆ. ಸುಮಾರು 30 ಕಿಲೋಮೀಟರ್ ಉದ್ದದ ಆ ಹಾದಿಗಳು ರೈಲು ನಿಲ್ದಾಣ, ಅಂಗಡಿ, ಕಚೇರಿಗಳನ್ನು ಒಂದಕ್ಕೊಂದು ಬೆಸೆದಿವೆ. ಆದರೂ ಹಳೆಯ ಬಡಾವಣೆಗಳಲ್ಲಿ ಮಹಡಿಯ ಮೆಟ್ಟಿಲುಗಳು ಮಾತ್ರ ಮನೆಯ ಹೊರಗೇ ಬಳುಕಿ ನಿಂತು, ಹಿಮವನ್ನು ಹೊತ್ತುಕೊಂಡಿರುತ್ತವೆ.

1833ರಲ್ಲಿ ರೂಪುಗೊಂಡ ನಗರ ಲಾಂಛನದಲ್ಲಿ ಇಂಗ್ಲಿಷ್, ಸ್ಕಾಟಿಷ್, ಐರಿಷ್ ಜನರ ಗುರುತುಗಳಿದ್ದವು. ಫ್ರೆಂಚರ ಲಿಲಿ ಹೂವು ಅದರಲ್ಲಿ ಸೇರಿದ್ದು 1938ರಲ್ಲಿ. 2017ರಲ್ಲಿ, ನಗರಕ್ಕೆ 375 ತುಂಬಿದ ವರ್ಷ, ಮೂಲನಿವಾಸಿಗಳ ಶಾಂತಿಯ ಕುರುಹಾದ ಬಿಳಿ ಪೈನ್ ಮರವನ್ನು ಅದರ ನಟ್ಟನಡುವೆ ಇರಿಸಲಾಯಿತು. ಎಲ್ಲರಿಗಿಂತ ಮೊದಲು ಅಲ್ಲಿದ್ದವರಿಗೆ ಎಲ್ಲರಿಗಿಂತ ಕೊನೆಗೆ ಸ್ಥಾನ ದೊರೆಯಿತು. ಲಾಂಛನದ ಕೆಳಗಿನ ಲ್ಯಾಟಿನ್ ಧ್ಯೇಯವಾಕ್ಯದ ತಾತ್ಪರ್ಯ ಇಷ್ಟೇ: ಸಾಮರಸ್ಯವಿದ್ದಲ್ಲಿ ಕ್ಷೇಮ.