ಹೆಸರು ಸಾಲದ ಚಂಡಮಾರುತಗಳು

ಅಟ್ಲಾಂಟಿಕ್ ಸಾಗರದ ಬಿರುಗಾಳಿಗಳಿಗೆಂದು ಪ್ರತಿವರ್ಷ 21 ಹೆಸರುಗಳ ಪಟ್ಟಿ ಸಿದ್ಧವಿರುತ್ತದೆ. 2005ರಲ್ಲಿ ಆ ಪಟ್ಟಿ ಅಕ್ಟೋಬರ್‌ನಲ್ಲೇ ಬರಿದಾಗಿ, ಗ್ರೀಕ್ ಅಕ್ಷರಗಳ ಮೊರೆ ಹೋಗಬೇಕಾಯಿತು. ನವೆಂಬರ್ ಅಂತ್ಯಕ್ಕೆ ಮುಗಿಯಬೇಕಾದ ಋತು ‘ಝೀಟಾ’ದೊಂದಿಗೆ 2006ರ ಜನವರಿಗೂ ಚಾಚಿತು. ಕಾದ ಕಡಲೇ ಈ ಮಾರುತಗಳಿಗೆ ಇಂಧನವಾಗಿತ್ತು. ‘ವಿಲ್ಮಾ’ದ ಕೇಂದ್ರದಲ್ಲಿ ವಾಯುಭಾರ 882 ಮಿಲಿಬಾರ್‌ಗೆ ಕುಸಿದದ್ದು ಅಟ್ಲಾಂಟಿಕ್‌ನ ದಾಖಲೆ.

ಆದರೆ ಲೋಕದ ನೆನಪಿನಲ್ಲಿ ಉಳಿದದ್ದು ‘ಕತ್ರಿನಾ’. ಆಗಸ್ಟ್ 29ರಂದು ಅದು ದಡ ಮುಟ್ಟಿದಾಗ ಒಡ್ಡುಗಳು ಒಡೆದು, ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಜಲಾವೃತವಾಯಿತು. ಮುನ್ಸೂಚನೆ ಇತ್ತು, ವಾಹನವಿಲ್ಲದ ಬಡವರನ್ನು, ವೃದ್ಧರನ್ನು ಸಾಗಿಸುವ ಸಿದ್ಧತೆ ಸಾಲದಾಗಿತ್ತು.

2020ರಲ್ಲಿ 30 ಬಿರುಗಾಳಿಗಳೆದ್ದು ಹಳೆಯ ದಾಖಲೆ ಮುರಿಯಿತು. ಮರುವರ್ಷ ಗ್ರೀಕ್ ಅಕ್ಷರಗಳನ್ನು ಕೈಬಿಟ್ಟು ಹೆಚ್ಚುವರಿ ಹೆಸರುಪಟ್ಟಿ ರಚಿಸಲಾಯಿತು. ಹೆಸರುಗಳನ್ನು ಹೆಚ್ಚಿಸುವುದು ಸುಲಭ. ಎಚ್ಚರಿಕೆಯ ಮಾತು ಬಡವನ ಮನೆಬಾಗಿಲಿಗೆ ವಾಹನವಾಗಿ ಬಂದು ನಿಲ್ಲುವಂತೆ ಮಾಡುವುದೇ ಆಡಳಿತದ ನಿಜವಾದ ಪರೀಕ್ಷೆ.