ಬ್ರಿಟಿಷ್ ಪೌರತ್ವದ ಅರ್ಜಿ: ಕಾಯುವವರೂ ಮನೆಯವರೂ ತಿಳಿದಿರಬೇಕಾದದ್ದು

ನಮ್ಮ ಧರ್ಮಕೇಂದ್ರಗಳ ಕಚೇರಿಗಳಿಗೆ ಬರುವ ವಿನಂತಿಗಳಲ್ಲಿ ಒಂದು ಈಚೆಗೆ ಹೆಚ್ಚುತ್ತಿದೆ. "ಫಾದರ್, ಮಗಳಿಗೆ ಇಂಗ್ಲೆಂಡಿನಲ್ಲಿ ಸಿಟಿಜನ್‌ಶಿಪ್ ಆಗುವುದಿದೆ, ಜ್ಞಾನಸ್ನಾನದ ಪ್ರಮಾಣಪತ್ರ ಬೇಕು" ಎನ್ನುತ್ತಾರೆ. ಪ್ರಮಾಣಪತ್ರ ಬರೆದುಕೊಡುವುದು ಐದು ನಿಮಿಷದ ಕೆಲಸ. ಆದರೆ ನಂತರ ಬರುವ ಪ್ರಶ್ನೆಗಳಿಗೆ ಉತ್ತರ ಅಷ್ಟು ಸುಲಭವಲ್ಲ. ಎಷ್ಟು ತಿಂಗಳು ಬೇಕು? ಅಷ್ಟರಲ್ಲಿ ಊರಿಗೆ ಬರಬಹುದೇ? ಪೌರತ್ವ ಸಿಕ್ಕಿದ ಮೇಲೆ ನಮ್ಮನ್ನೂ ಕರೆಸಿಕೊಳ್ಳಬಹುದೇ? ಇಲ್ಲಿಯ ಜಮೀನಿನ ಗತಿ ಏನು? ಈ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ವಿವರಿಸುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇವೆ.

ಪ್ರಶ್ನೆಗಳು ಈಗಲೇ ಹೆಚ್ಚಲು ಕಾರಣವಿದೆ. ಬ್ರಿಟನ್ 2020ರ ಆಗಸ್ಟ್ 4ರಂದು ವೈದ್ಯರು, ದಾದಿಯರು ಮತ್ತಿತರ ಆರೋಗ್ಯ ಸಿಬ್ಬಂದಿಗಾಗಿ ಹೆಲ್ತ್ ಅಂಡ್ ಕೇರ್ ವೀಸಾ ಆರಂಭಿಸಿತು. ಆಗ ಹೋದವರ ಐದು ವರ್ಷ ಈಗ ತುಂಬುತ್ತಿದೆ. ಹೋದವರು ಕರಾವಳಿಯವರು ಮಾತ್ರವಲ್ಲ. ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಉತ್ತರ ಕರ್ನಾಟಕದ ಮಕ್ಕಳೂ ಓದುತ್ತಾರೆ. ಬಾಗಲಕೋಟೆ ಜಿಲ್ಲೆ ಬೀಳಗಿ ತಾಲೂಕಿನ ಬಾಡಗಂಡಿಯನ್ನೇ ತೆಗೆದುಕೊಳ್ಳಿ. ಅದು ಕಬ್ಬಿನ ಸೀಮೆ. ಊರಲ್ಲಿ ಸಕ್ಕರೆ ಕಾರ್ಖಾನೆಯಿದೆ, ಈಚಿನ ವರ್ಷಗಳಲ್ಲಿ ವೈದ್ಯಕೀಯ ಕಾಲೇಜೂ ಬಂದಿದೆ. ಅಂಥ ಊರಿನಿಂದ ಮಂಗಳೂರಿಗೆ ಬಂದು ನರ್ಸಿಂಗ್ ಕಲಿತು, 2021ರ ಮಾರ್ಚಿನಲ್ಲಿ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯೊಂದಕ್ಕೆ ಹೋದ ಒಬ್ಬ ಹೆಣ್ಣುಮಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಊರಲ್ಲಿ ವಯಸ್ಸಾದ ತಂದೆ, ನಾಲ್ಕೆಕರೆ ಕಬ್ಬಿನ ಹೊಲ. ಇವಳ ದಾರಿಯನ್ನು ನೋಡಿದರೆ ಎಲ್ಲರ ದಾರಿಯೂ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮೊದಲು ಖಾಯಂ ವಾಸ, ಆಮೇಲೆ ಪೌರತ್ವ

ಖಾಯಂ ವಾಸ ಮತ್ತು ಪೌರತ್ವ ಒಂದೇ ಎಂದು ಮನೆಯವರು ತಿಳಿಯುವುದುಂಟು. ಅವು ಬೇರೆ ಬೇರೆ. ಐದು ವರ್ಷ ಕೆಲಸ ಮಾಡಿದವರಿಗೆ ಮೊದಲು ಸಿಗುವುದು ಅವಧಿಯ ಮಿತಿಯಿಲ್ಲದ ವಾಸದ ಅನುಮತಿ. ಅಲ್ಲಿಯವರು ಅದನ್ನು ಐಎಲ್‌ಆರ್ ಎನ್ನುತ್ತಾರೆ. 2025ರ ಏಪ್ರಿಲ್‌ನಲ್ಲಿ ಅದರ ಶುಲ್ಕ 3,029 ಪೌಂಡ್ ಆಗಿತ್ತು. ಅದು ಸಿಕ್ಕಿದ ಮೇಲೂ ನಮ್ಮ ಹೆಣ್ಣುಮಗಳು ಭಾರತದ ಪ್ರಜೆಯೇ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ. ಐಎಲ್‌ಆರ್ ಸಿಕ್ಕಿ ಹನ್ನೆರಡು ತಿಂಗಳು ಕಳೆದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರಿಗೆ ವಾಸದ ಅವಧಿ ಮೂರು ವರ್ಷ ಮಾತ್ರ, ಈ ಹನ್ನೆರಡು ತಿಂಗಳ ಕಾಯುವಿಕೆಯೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2025ರ ಮೇ 12ರಂದು ಬ್ರಿಟನ್ ಸರಕಾರ ಪ್ರಕಟಿಸಿದ ಶ್ವೇತಪತ್ರದಲ್ಲಿ ಖಾಯಂ ವಾಸದ ಸಾಮಾನ್ಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವಿತ್ತು. ಆ ವರ್ಷದ ನವೆಂಬರ್‌ನಲ್ಲಿ ಅದರ ವಿವರಗಳ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಲಾಯಿತು. ಆದ್ದರಿಂದ "ನನ್ನ ಗೆಳತಿಗೆ ಐದೇ ವರ್ಷಕ್ಕೆ ಸಿಕ್ಕಿತು" ಎಂಬ ಮಾತನ್ನು ನಂಬಿ ಕೂರಬಾರದು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಅಲ್ಲಿಯ ಸರಕಾರದ ಅಧಿಕೃತ ಪುಟದಲ್ಲಿಯೇ ಓದಿಕೊಳ್ಳಬೇಕು.

ದಿನಗಳ ಲೆಕ್ಕ

ಪೌರತ್ವದ ನಿಯಮಗಳಿಗೆ ಆಧಾರ 1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆ. ಅದರಂತೆ ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ದೇಶದ ಹೊರಗೆ ಕಳೆದ ದಿನಗಳು 450 ಮೀರಬಾರದು. ಕೊನೆಯ ಒಂದು ವರ್ಷದಲ್ಲಿ 90 ಮೀರಬಾರದು. ಮದುವೆಯ ಆಧಾರದ ಮೂರು ವರ್ಷಕ್ಕೆ 270 ದಿನ. ಹೊರಟ ದಿನ ಮತ್ತು ಮರಳಿದ ದಿನ ಲೆಕ್ಕಕ್ಕಿಲ್ಲ. ಪೂರ್ತಿ ಹೊರಗಿದ್ದ ದಿನಗಳನ್ನಷ್ಟೇ ಎಣಿಸುತ್ತಾರೆ.

ಇನ್ನೊಂದು ನಿಯಮವನ್ನು ಅನೇಕರು ಗಮನಿಸುವುದಿಲ್ಲ. ಆ ಐದು ವರ್ಷದ ಅವಧಿ ಆರಂಭವಾಗುವ ದಿನ ಅರ್ಜಿದಾರರು ಬ್ರಿಟನ್ನಿನ ನೆಲದಲ್ಲಿಯೇ ಇದ್ದಿರಬೇಕು. ನಮ್ಮ ಹೆಣ್ಣುಮಗಳು 2027ರ ಏಪ್ರಿಲ್ ಮಧ್ಯದಲ್ಲಿ ಅರ್ಜಿ ಹಾಕುತ್ತಾಳೆ ಎನ್ನೋಣ. 2022ರ ಏಪ್ರಿಲ್ ಮಧ್ಯದಲ್ಲಿ ಅವಳು ತಮ್ಮನ ಮದುವೆಗೆಂದು ಬಾಡಗಂಡಿಯಲ್ಲಿದ್ದರೆ ಅರ್ಜಿಗೆ ತೊಡಕಾಗಬಹುದು. ಎರಡು ವಾರ ತಡೆದು ಹಾಕಿದರೆ ಏನೂ ತೊಂದರೆಯಿಲ್ಲ. ಹಳೆಯ ಪಾಸ್‌ಪೋರ್ಟಿನ ಮುದ್ರೆಗಳು, ವಿಮಾನ ಟಿಕೆಟಿನ ಇಮೇಲ್‌ಗಳನ್ನು ಬಿಸಾಡದೆ ಇಟ್ಟುಕೊಂಡವರಿಗೆ ಈ ಲೆಕ್ಕ ಸುಲಭ.

ಪರೀಕ್ಷೆ, ಭಾಷೆ, ನಡತೆ

ಲೈಫ್ ಇನ್ ದ ಯುಕೆ ಎಂಬ ಪರೀಕ್ಷೆ 2005ರ ನವೆಂಬರ್‌ನಿಂದ ಜಾರಿಯಲ್ಲಿದೆ. 45 ನಿಮಿಷದಲ್ಲಿ 24 ಪ್ರಶ್ನೆ; ಕನಿಷ್ಠ 18 ಸರಿಯಾಗಬೇಕು. ಬ್ರಿಟನ್ನಿನ ಇತಿಹಾಸ, ಸಂಸತ್ತು, ಹಬ್ಬ, ಆಟ ಎಲ್ಲದರ ಮೇಲೂ ಪ್ರಶ್ನೆಗಳಿರುತ್ತವೆ. ಖಾಯಂ ವಾಸಕ್ಕಾಗಿ ಈಗಾಗಲೇ ಉತ್ತೀರ್ಣರಾದವರು ಮತ್ತೆ ಬರೆಯಬೇಕಿಲ್ಲ. ಇಂಗ್ಲಿಷ್ ಜ್ಞಾನಕ್ಕೂ ಆಧಾರ ಕೊಡಬೇಕು. 65 ವರ್ಷ ತುಂಬಿದವರಿಗೆ ಇವೆರಡರಿಂದಲೂ ವಿನಾಯಿತಿಯಿದೆ.

ಒಳ್ಳೆಯ ನಡತೆ ಎಂಬ ಷರತ್ತು ಕೇಳುವುದಕ್ಕೆ ಸಾಮಾನ್ಯವಾದರೂ ಅದರ ವ್ಯಾಪ್ತಿ ದೊಡ್ಡದು. ಅಪರಾಧದ ದಾಖಲೆ ಮಾತ್ರವಲ್ಲ, ತೆರಿಗೆ ಬಾಕಿ, ದಿವಾಳಿತನ, ಹಿಂದೆ ವೀಸಾ ಅರ್ಜಿಯಲ್ಲಿ ಕೊಟ್ಟ ತಪ್ಪು ಮಾಹಿತಿ ಇವೂ ಅದರಲ್ಲಿ ಸೇರುತ್ತವೆ. ಸಣ್ಣದೆಂದು ಮುಚ್ಚಿಟ್ಟ ಸಂಗತಿ ಮುಂದೆ ಹೊರಬಿದ್ದರೆ, ಆ ಸಂಗತಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ. ಹೇಳಬೇಕಾದದ್ದನ್ನು ಮೊದಲೇ ಹೇಳುವುದು ಒಳ್ಳೆಯದು.

ಹೆಸರಿನ ತೊಡಕು ನಮ್ಮವರಿಗೆ ವಿಶೇಷವಾಗಿ ಬಾಧಿಸುತ್ತದೆ. ಕರಾವಳಿಯಲ್ಲಿ ಡಿಸೋಜ ಎಂಬ ಒಂದೇ ಮನೆತನದ ಹೆಸರನ್ನು ಅಣ್ಣ ಒಂದು ರೀತಿ, ತಂಗಿ ಇನ್ನೊಂದು ರೀತಿ ಬರೆಸಿರುತ್ತಾರೆ. ಉತ್ತರ ಕರ್ನಾಟಕದವರ ಶಾಲಾ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ. ಕೆಲವರಿಗೆ ಅಡ್ಡಹೆಸರಿನ ಜಾಗವೇ ಖಾಲಿ. ಬ್ರಿಟನ್ನಿನ ಪಾಸ್‌ಪೋರ್ಟ್ ಕಚೇರಿ ಎಲ್ಲ ದಾಖಲೆಗಳಲ್ಲಿಯೂ ಒಂದೇ ಹೆಸರನ್ನು ಬಯಸುತ್ತದೆ. ತಿದ್ದುಪಡಿಯನ್ನು ಭಾರತದ ಪಾಸ್‌ಪೋರ್ಟ್ ಇರುವಾಗಲೇ, ಅರ್ಜಿಗೆ ಮೊದಲೇ ಮಾಡಿಸಿಕೊಂಡರೆ ಮುಂದಿನ ಅಲೆದಾಟ ತಪ್ಪುತ್ತದೆ.

ಸಾಕ್ಷಿದಾರರಾಗಿ ಧರ್ಮಗುರು

ಅರ್ಜಿಗೆ ಇಬ್ಬರು ಸಾಕ್ಷಿದಾರರು ಬೇಕು. ಇಬ್ಬರೂ ಕನಿಷ್ಠ ಮೂರು ವರ್ಷದಿಂದ ಅರ್ಜಿದಾರರನ್ನು ಸ್ವತಃ ಬಲ್ಲವರಾಗಿರಬೇಕು; ಅರ್ಜಿದಾರರ ಸಂಬಂಧಿಕರಾಗಲಿ ಪರಸ್ಪರ ಸಂಬಂಧಿಕರಾಗಲಿ ಆಗಿರಬಾರದು. ಒಬ್ಬರು ಬ್ರಿಟಿಷ್ ಪಾಸ್‌ಪೋರ್ಟ್ ಉಳ್ಳವರಾಗಿರಬೇಕು. ಇನ್ನೊಬ್ಬರು ಯಾವ ದೇಶದವರಾದರೂ ಸರಿ, ಆದರೆ ಮಾನ್ಯ ವೃತ್ತಿಯವರಾಗಿರಬೇಕು. ಆ ವೃತ್ತಿಗಳ ಪಟ್ಟಿಯಲ್ಲಿ ಧರ್ಮಗುರುಗಳೂ ಇದ್ದಾರೆ.

ಆದ್ದರಿಂದ ಬ್ರಿಟನ್ನಿನಲ್ಲಿ ಸೇವೆ ಮಾಡುತ್ತಿರುವ ನಮ್ಮ ಗುರುಗಳ ಬಳಿಗೆ ಈ ವಿನಂತಿ ಬಂದೇ ಬರುತ್ತದೆ. ಊರಿನವರು ಎಂಬ ಕಾರಣಕ್ಕೆ ಸಹಿ ಮಾಡುವುದು ಸಹಾಯವಲ್ಲ. ಪೌರತ್ವಕ್ಕಾಗಿ ತಿಳಿದೂ ತಪ್ಪು ಹೇಳಿಕೆ ಕೊಡುವುದು ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಪೂಜೆಗೆ ಬಂದು ಹೋಗುವ ಮುಖಪರಿಚಯವನ್ನು ಮೂರು ವರ್ಷದ ಪರಿಚಯವೆಂದು ಬರೆಯುವಂತಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಹೊಸ ಊರಿಗೆ ಹೋದ ಮೊದಲ ತಿಂಗಳಲ್ಲೇ ಅಲ್ಲಿಯ ಧರ್ಮಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಂಡು ಗುರುಗಳ ಪರಿಚಯ ಮಾಡಿಕೊಂಡವರಿಗೆ ಈ ಕಷ್ಟವೇ ಬರುವುದಿಲ್ಲ.

ಅರ್ಜಿ ಹಾಕಿದ ಮೇಲೆ

2025ರ ಏಪ್ರಿಲ್ 9ರಿಂದ ಪೌರತ್ವದ ಅರ್ಜಿ ಶುಲ್ಕ 1,605 ಪೌಂಡ್, ಸಮಾರಂಭಕ್ಕೆ 130 ಪೌಂಡ್ ಎಂದು ನಿಗದಿಯಾಯಿತು. ಅರ್ಜಿ ತಿರಸ್ಕೃತವಾದರೆ ಸಮಾರಂಭದ ಹಣ ಮಾತ್ರ ಮರಳುತ್ತದೆ. ಮೇಲ್ಮನವಿಯ ಹಕ್ಕಿಲ್ಲ, ಮರುಪರಿಶೀಲನೆ ಕೋರಬಹುದಷ್ಟೇ. ಅರ್ಜಿ ಹಾಕಿ, ಬೆರಳಚ್ಚು ಮತ್ತು ಫೋಟೋ ಕೊಟ್ಟ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ನಿರ್ಧಾರ ಬರುತ್ತದೆ ಎನ್ನುತ್ತದೆ ಹೋಮ್ ಆಫೀಸ್. ಕೆಲವರಿಗೆ ಬೇಗ, ಕೆಲವರಿಗೆ ತಡ. ವೀಸಾಕ್ಕೆ ಇರುವಂತೆ ಹೆಚ್ಚು ಹಣ ಕೊಟ್ಟು ಬೇಗ ಮಾಡಿಸಿಕೊಳ್ಳುವ ಸೌಲಭ್ಯ ಪೌರತ್ವಕ್ಕಿಲ್ಲ. ಮಾಡಿಸಿಕೊಡುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಈ ಕಾಯುವ ತಿಂಗಳುಗಳಲ್ಲಿ ಊರಿಗೆ ಬರಬಾರದು ಎಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ಅರ್ಜಿ ಹೋದ ಮೇಲೂ ಭಾರತದ ಪಾಸ್‌ಪೋರ್ಟ್ ಅರ್ಜಿದಾರರ ಕೈಯಲ್ಲೇ ಇರುತ್ತದೆ, ಐಎಲ್‌ಆರ್ ಇರುವುದರಿಂದ ಮರಳಿ ಹೋಗುವುದಕ್ಕೂ ಅಡ್ಡಿಯಿಲ್ಲ. ತಂದೆಗೆ ಕಾಯಿಲೆಯೆಂದರೆ ಅವಳು ನಿಶ್ಚಿಂತೆಯಾಗಿ ಬಂದು ನೋಡಿ ಹೋಗಬಹುದು.

ಸಮಾರಂಭದ ದಿನ

ಬರಲು ಆಗದ ಕಾಲ ಶುರುವಾಗುವುದು ಆಮೇಲೆ. ಅರ್ಜಿ ಮಂಜೂರಾಯಿತು ಎಂಬ ಪತ್ರ ಬಂದ ದಿನ ಯಾರೂ ಬ್ರಿಟಿಷ್ ಪ್ರಜೆಯಾಗುವುದಿಲ್ಲ. ಸ್ಥಳೀಯ ಆಡಳಿತ ನಡೆಸುವ ಸಮಾರಂಭದಲ್ಲಿ ರಾಜನಿಗೆ ನಿಷ್ಠೆಯ ಪ್ರಮಾಣ ಸ್ವೀಕರಿಸಿದಾಗ ಆಗುತ್ತಾರೆ. ಇಂಥ ಮೊದಲ ಸಮಾರಂಭ ನಡೆದದ್ದು 2004ರ ಫೆಬ್ರವರಿ 26ರಂದು, ಲಂಡನ್ನಿನ ಬ್ರೆಂಟ್‌ನಲ್ಲಿ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಹಾಗಲ್ಲದೆ ದೃಢೀಕರಿಸಬಹುದು.

ನಮ್ಮ ದೇಶದ 1955ರ ಪೌರತ್ವ ಕಾಯಿದೆಯ 9ನೇ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಎಂದರೆ ಆ ದಿನ ಬೆಳಿಗ್ಗೆ ಮನೆಯಿಂದ ಹೊರಟಾಗ ಸರಿಯಿದ್ದ ಭಾರತದ ಪಾಸ್‌ಪೋರ್ಟನ್ನು ಸಂಜೆ ಬಳಸುವಂತಿಲ್ಲ, ಬಳಸಿದರೆ ಅಪರಾಧ. ಮೊದಲ ಬ್ರಿಟಿಷ್ ಪಾಸ್‌ಪೋರ್ಟಿಗೆ ಅಂದಿನಿಂದ ಅರ್ಜಿ ಹಾಕಬೇಕು, ಸಂದರ್ಶನಕ್ಕೂ ಕರೆಯಬಹುದು. ವಯಸ್ಕರ ಮೊದಲ ಪಾಸ್‌ಪೋರ್ಟಿಗೆ ತುರ್ತು ಸೇವೆಯಿಲ್ಲ. ಅದು ಬಂದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ಭಾರತಕ್ಕೆ ವೀಸಾ ಇಲ್ಲವೇ ಓಸಿಐ ಕಾರ್ಡು. ಇವೆಲ್ಲ ಮುಗಿಯುವ ತನಕ ಆಕೆ ಬಾಡಗಂಡಿಗೆ ಬರುವಂತಿಲ್ಲ. ಆ ವಾರಗಳಲ್ಲಿ ತಂದೆ ತೀರಿಕೊಂಡರೆ ಅಂತ್ಯಸಂಸ್ಕಾರವನ್ನು ಫೋನಿನಲ್ಲಿ ನೋಡಬೇಕಾಗುತ್ತದೆ. ಊರಿನವರು "ದೊಡ್ಡ ದೇಶದವಳಾದಳು, ಬರಲಿಲ್ಲ" ಎಂದುಕೊಳ್ಳುತ್ತಾರೆ.

ಇದಕ್ಕೆ ಪರಿಹಾರ ಸಮಾರಂಭದ ಪತ್ರದಲ್ಲೇ ಇದೆ. ಆಹ್ವಾನ ಬಂದ ಮೇಲೆ ಮೂರು ತಿಂಗಳೊಳಗೆ ಪ್ರಮಾಣ ಸ್ವೀಕರಿಸಿದರೆ ಸಾಕು. ಮನೆಯಲ್ಲಿ ಕಾಯಿಲೆಯವರಿದ್ದರೆ, ಮದುವೆಯಿದ್ದರೆ ಮೊದಲು ಊರಿಗೆ ಬಂದು ಹೋಗಿ, ಆಮೇಲಿನ ದಿನಾಂಕವನ್ನು ಆರಿಸಿಕೊಳ್ಳಬಹುದು. ಈ ಒಂದು ಮಾತನ್ನು ತಿಳಿಯದೆ ಸಂತೋಷದ ಆತುರದಲ್ಲಿ ಮೊದಲ ದಿನಾಂಕವನ್ನೇ ಹಿಡಿಯುವವರು ಹೆಚ್ಚು.

ಏನು ಸಿಗುತ್ತದೆ, ಏನು ಹೋಗುತ್ತದೆ

ಪೌರತ್ವ ಸಿಕ್ಕಿದರೆ ತಂದೆತಾಯಿಯನ್ನು ಕರೆಸಿಕೊಳ್ಳಬಹುದು ಎಂಬುದು ಮನೆಯವರ ದೊಡ್ಡ ಆಸೆ. 2012ರ ಜುಲೈ 9ರಂದು ಬಂದ ನಿಯಮಗಳು ಆ ದಾರಿಯನ್ನು ಬಹಳ ಕಿರಿದಾಗಿಸಿವೆ. ನಿತ್ಯದ ಕೆಲಸಗಳಿಗೆ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕು, ಅದು ಸ್ವದೇಶದಲ್ಲಿ ಹಣ ಕೊಟ್ಟರೂ ಸಿಗುವುದಿಲ್ಲ ಎಂದು ರುಜುವಾತುಪಡಿಸಬೇಕು. ಈ ವಿಷಯದಲ್ಲಿ ಖಾಯಂ ವಾಸದವರಿಗೂ ಪ್ರಜೆಗಳಿಗೂ ನಿಯಮ ಹೆಚ್ಚುಕಡಿಮೆ ಒಂದೇ. ಮತದಾನಕ್ಕಾಗಿಯೂ ಪೌರತ್ವ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರು ಅಲ್ಲಿಯ ಚುನಾವಣೆಗಳಲ್ಲಿ ಮತ ಹಾಕಬಹುದು. ಪೌರತ್ವದ ನಿಜವಾದ ಲಾಭ ಭದ್ರತೆ. ಎರಡು ವರ್ಷಕ್ಕೂ ಹೆಚ್ಚು ಸತತವಾಗಿ ಹೊರಗಿದ್ದರೆ ಐಎಲ್‌ಆರ್ ರದ್ದಾಗುತ್ತದೆ, ಪೌರತ್ವ ಹಾಗೆ ಹೋಗುವುದಿಲ್ಲ. ತಂದೆಯನ್ನು ನೋಡಿಕೊಳ್ಳಲು ಮೂರು ವರ್ಷ ಊರಲ್ಲಿದ್ದು ಮರಳಬೇಕಾದವರಿಗೆ ಇದು ದೊಡ್ಡ ಸಂಗತಿ.

ಓಸಿಐ ಯೋಜನೆ 2005ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಹೆಸರಿನಲ್ಲಿ ಪೌರತ್ವ ಎಂದಿದ್ದರೂ ಅದು ಜೀವನಪೂರ್ತಿಯ ವೀಸಾ; ಮತದಾನದ ಹಕ್ಕಿಲ್ಲ. ಓಸಿಐ ಉಳ್ಳವರು ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ. ಆದರೆ ಪಿತ್ರಾರ್ಜಿತವಾಗಿ ಪಡೆಯಬಹುದು. ಹಾಗೆ ಬಂದ ಹೊಲವನ್ನು ಮಾರುವುದಾದರೆ ಭಾರತದಲ್ಲಿರುವ ಭಾರತೀಯ ಪ್ರಜೆಗೇ ಮಾರಬೇಕು. ಬಾಡಗಂಡಿಯ ನಾಲ್ಕೆಕರೆ ಮಗಳ ಕೈತಪ್ಪುವುದಿಲ್ಲ, ಪಕ್ಕದ ಎಕರೆಯನ್ನು ಸೇರಿಸಿಕೊಳ್ಳಲು ಮಾತ್ರ ಆಗದು. ಪ್ರಮಾಣದ ದಿನಕ್ಕೆ ಮೊದಲೂ, ವಿದೇಶದಲ್ಲಿ ನೆಲೆಸಿರುವ ಭಾರತೀಯ ಪ್ರಜೆಯಾಗಿ ಆಕೆ ಕೃಷಿಭೂಮಿ ಕೊಳ್ಳುವಂತಿಲ್ಲ.

ಧರ್ಮಗುರುಗಳು ಮತ್ತು ಧರ್ಮಭಗಿನಿಯರು ಇನ್ನೊಂದನ್ನು ಗಮನಿಸಬೇಕು. ಕೇಂದ್ರ ಗೃಹ ಸಚಿವಾಲಯದ 2021ರ ಮಾರ್ಚ್ 4ರ ಅಧಿಸೂಚನೆಯಂತೆ, ಓಸಿಐ ಉಳ್ಳವರು ಭಾರತದಲ್ಲಿ ಮಿಷನರಿ ಕಾರ್ಯ ಮಾಡಲು ವಿಶೇಷ ಅನುಮತಿ ಪಡೆಯಬೇಕು. ಕೆಲವು ವರ್ಷ ಅಲ್ಲಿ ಸೇವೆ ಮಾಡಿ ಇಲ್ಲಿಗೆ ಮರಳಲಿರುವವರು ಪೌರತ್ವ ಬದಲಿಸುವ ಮೊದಲು ಈ ವಿಷಯವನ್ನು ತಮ್ಮ ಮೇಲಧಿಕಾರಿಗಳೊಡನೆ ಮಾತಾಡಿಕೊಳ್ಳುವುದು ಉಚಿತ.

ಪೌರತ್ವ ಪಡೆಯಬೇಕೇ ಬೇಡವೇ ಎಂಬುದು ಅವರವರ ಮನೆಯ ನಿರ್ಧಾರ. ಅದರಲ್ಲಿ ಸರಿ ತಪ್ಪು ಹೇಳಲು ನಾವು ಹೊರಟಿಲ್ಲ. ಆದರೆ ಆ ನಿರ್ಧಾರವನ್ನು ಇಂಗ್ಲೆಂಡಿನಲ್ಲಿ ಒಬ್ಬರೇ ಕುಳಿತು ಮಾಡದೆ, ಊರಿನ ಹಿರಿಯರಿಗೂ ತಿಳಿಸಿ ಮಾಡಬೇಕು. ಸಮಾರಂಭದ ದಿನಾಂಕವನ್ನು, ಅದಾದ ಮೇಲೆ ಕೆಲವು ವಾರ ಬರಲಾಗದು ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಡಬೇಕು. ಧರ್ಮಕೇಂದ್ರದ ಕಚೇರಿಯಲ್ಲಿ ಪ್ರಮಾಣಪತ್ರ ಬರೆದುಕೊಡುವವರೂ ಈ ಎರಡು ಮಾತನ್ನು ಸೇರಿಸಿ ಹೇಳಿ ಕಳುಹಿಸಿದರೆ ಆ ಕುಟುಂಬಕ್ಕೆ ಉಪಕಾರವಾದೀತು.