ಅಟ್ಟದ ಗಿಟಾರ್ ಕೆಳಗಿಳಿಸಿ

ನಿವೃತ್ತನಾದ ಮೇಲೆ ನನಗೆ ಗಿಟಾರ್ ಹುಚ್ಚು ಹಿಡಿಯಿತು. ಈಗ ಮನೆಯಲ್ಲಿ ಮೂರಿವೆ. ಒಂದೊಂದರ ದನಿಯೂ ಬೇರೆ. ನೈಲಾನ್ ತಂತಿಯದು ಮೆತ್ತಗೆ ನುಡಿದರೆ, ಉಕ್ಕಿನ ತಂತಿಯದು ಠಣ್ಣೆನ್ನುತ್ತದೆ. ಮೂರನೆಯದು ನೆಂಟರ ಅಟ್ಟದಲ್ಲಿ ದೂಳು ಹಿಡಿದು ಕೂತಿತ್ತು. ಹೊಸ ತಂತಿ ಕಟ್ಟಿದ ಮೇಲೆ ಅದಕ್ಕೂ ಜೀವ ಬಂತು.

ಗಿಟಾರ್ ಅಟ್ಟ ಸೇರಲು ಬಹಳ ಸಲ ಬೆರಳ ನೋವೇ ಕಾರಣ. ಮೊದಲ ಕೆಲವು ವಾರ ತಂತಿ ಒತ್ತಿದರೆ ಬೆರಳ ತುದಿ ಉರಿಯುತ್ತದೆ. ಆಮೇಲೆ ಚರ್ಮ ಗಟ್ಟಿಯಾಗಿ ನೋವು ಮಾಯವಾಗುತ್ತದೆ. ಮಕ್ಕಳೇ, ನೈಲಾನ್ ತಂತಿಯಿಂದಲೇ ಶುರುಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನವೂ ಬೇಕು.

ಅಜ್ಜ ಅಜ್ಜಿಯರೇ, ಪರದೇಶದ ವಾದ್ಯವೆಂದು ದೂರ ಇಡಬೇಡಿ. ನಮ್ಮ ವೀಣೆಗೆ 24 ಮೆಟ್ಟಿಲು; ಗಿಟಾರ್‌ಗೂ ಮೆಟ್ಟಿಲುಗಳಿವೆ. ಎರಡರಲ್ಲೂ 12ನೆಯದು ಹೆಚ್ಚುಕಡಿಮೆ ತಂತಿಯ ನಟ್ಟನಡುವೆ. ಅಲ್ಲಿ ಒತ್ತಿ ಮೀಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ‘ಮೋಹನ ವೀಣೆ’ ಮಾಡಿಕೊಂಡರು. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು.

ನಮ್ಮ ಮನೆಯಲ್ಲಿ ನಾನು ಮೊಮ್ಮಗಳಿಗೆ ಸರಳೆ ಹೇಳಿಕೊಡುತ್ತೇನೆ, ಅವಳು ನನಗೆ ಕಾರ್ಡ್ ಕಲಿಸುತ್ತಾಳೆ. ನೀವೂ ಒಮ್ಮೆ ಅಟ್ಟ ಹತ್ತಿ ನೋಡಿ.